ಹದಿನಾರು ಸೀರೆಯ ಸಿದ್ಧಾಂತ

ಒಬ್ಬ ಹೆಂಗಸಿಗೆ ನಿಜವಾಗಿ ಎಷ್ಟು ಬಟ್ಟೆ ಬೇಕು? ಉತ್ತರ: ಹದಿನಾರು. ಇದನ್ನು ನಾನು ಆಷಾಢದ ಒಂದು ಭಾನುವಾರ, ಊಟವಾದ ಮೇಲೆ, ಕೈ ಒಣಗುವಷ್ಟರಲ್ಲಿ ಕಂಡುಹಿಡಿದೆ. ಕಾರವಾರದ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಅಕ್ಕೋರು ನಾನು. ಊರವರ ಮಕ್ಕಳ ತಲೆಗೆಲ್ಲ ಬೀಜಗಣಿತ ತುಂಬಿದವಳಿಗೆ ತನ್ನ ಕಪಾಟಿನ ಲೆಕ್ಕ ಯಾವ ಮಹಾ ಸಂಗತಿ!

ಪ್ರಶ್ನೆ ಹುಟ್ಟಿದ್ದು ಕಪಾಟಿನ ಬಾಗಿಲಿನಿಂದ. ಅದನ್ನು ಹಾಕಿದರೆ ತೆರೆದುಕೊಳ್ಳುತ್ತಿತ್ತು, ಒತ್ತಿ ಹಾಕಿದರೆ ಪಕ್ಕದ ಬಾಗಿಲು ತೆರೆದುಕೊಳ್ಳುತ್ತಿತ್ತು. ಎರಡನ್ನೂ ಒಟ್ಟಿಗೆ ಹಾಕಬೇಕೆಂದರೆ ಒಂದಕ್ಕೆ ನಾನು ಬೆನ್ನು ಕೊಟ್ಟು ನಿಲ್ಲಬೇಕು, ಇನ್ನೊಂದಕ್ಕೆ ನಮ್ಮ ಯಜಮಾನರು ಕಾಲು ಕೊಡಬೇಕು. ಆ ದಿನ ಕಾಲು ಕೊಟ್ಟು ಕೊಟ್ಟು ಅವರಿಗೆ ಸಾಕಾಗಿತ್ತು.

"ಇದ್ಕೆ ಹೊಸ ಕಪಾಟು ಬೇಕೋ, ಇಲ್ಲಾ ಸೀರೆ ಕಮ್ಮಿ ಮಾಡೂದೋ? ಒಂದು ಹೇಳು" ಅಂದರು.

"ಕಮ್ಮಿ ಮಾಡೂದೇ. ನಂಗೇನು ಸೀರೆ ಹುಚ್ಚು ಅದೆ ಅಂತ ತಿಳ್ಕಂಡಿರಾ?" ಅಂದೆ. ಅವರು ಗೋಡೆ ನೋಡಿದರು. ಗೋಡೆ ನೋಡುವ ಗಂಡಸನ್ನು ಕಂಡರೆ ನನಗೆ ಎಲ್ಲಿಲ್ಲದ ಸಿಟ್ಟು.

ಆ ಸಿಟ್ಟಿನಲ್ಲಿ ಲೆಕ್ಕ ಶುರು ಮಾಡಿದೆ. ವಾರಕ್ಕೆ ಆರು ದಿನ ಶಾಲೆ, ಆರು ಸೀರೆ. ನಮ್ಮ ಕಾರವಾರದ ಮಳೆಗಾಲದಲ್ಲಿ ಈ ವಾರ ಒಗೆದದ್ದು ಬರುವ ವಾರ ಒಣಗಿದರೆ ಪುಣ್ಯ, ಆದ್ದರಿಂದ ಇನ್ನೊಂದು ಆರು. ಮದುವೆ, ನಾಮಕರಣ, ಸತ್ಯನಾರಾಯಣ ಕಥೆ ಎಲ್ಲಕ್ಕೂ ಸೇರಿ ನಾಲ್ಕು. ಒಟ್ಟು ಹದಿನಾರು. ನೈಟಿ, ಚೂಡಿದಾರಗಳನ್ನು ಹಿಡಿಯಲಿಲ್ಲ. ಗಣಿತದಲ್ಲಿ ತೀರ ಅಲ್ಪವಾದದ್ದನ್ನು ಬಿಡಲು ಅವಕಾಶವಿದೆ. ಉಳಿದದ್ದೆಲ್ಲ ಹೆಚ್ಚುವರಿ! ಹಂಚಿಬಿಡುವುದು!

ಹೊರಗೆ ಧೋ ಎಂದು ಮಳೆ. ಎಲ್ಲೋ ತಂತಿಯ ಮೇಲೆ ಮರ ಬಿದ್ದು ಕರೆಂಟು ಹೋಗಿತ್ತು. ನಮ್ಮ ಯಜಮಾನರು ಕದ್ರಾದಲ್ಲಿ ಕರೆಂಟು ತಯಾರಿಸುವ ಕಡೆಯೇ ನೌಕರಿ ಮಾಡುವವರು. ಆದರೆ ಅವರು ಅಲ್ಲಿ ತಯಾರಿಸಿದ್ದು ನಮ್ಮ ಮನೆ ಹುಡುಕಿಕೊಂಡು ಬಂದದ್ದು ಕಡಿಮೆ. ಮಬ್ಬು ಬೆಳಕಿನಲ್ಲೇ ಕಪಾಟು ಖಾಲಿ ಮಾಡಿದೆ. ಇದು ಬೇಕು, ಇದು ಬೇಡ, ಇದು ಬೇಕು, ಇದು ಬೇಡ. ಯಜಮಾನರು "ಕರೆಂಟು ಬರ್ಲಿ, ಬಣ್ಣ ನೋಡ್ಕಂಡು ಮಾಡು" ಅಂದರು. ನಾನು ಕೇಳಲಿಲ್ಲ. ಸಿದ್ಧಾಂತ ಸಿಕ್ಕವರಿಗೆ ಬೆಳಕು ಯಾಕೆ?

ಬೇಡವಾದ ಸೀರೆಗಳಲ್ಲಿ ಒಳ್ಳೊಳ್ಳೆಯವನ್ನು ಒಂದು ದೊಡ್ಡ ಚೀಲಕ್ಕೆ ತುಂಬಿ ಹಾರವಾಡದ ತವರುಮನೆಗೆ, ಅಣ್ಣನ ಹೆಂಡತಿ ಲಲಿತಾ ಅತ್ತಿಗೆಗೆ ಕಳಿಸಿದೆ. ಉಳಿದವನ್ನು ಶಾಲೆಯ ಸಹೋದ್ಯೋಗಿಗಳಿಗೆ ಹಂಚಿದೆ. ಹಂಚುವಾಗ ಸ್ಟಾಫ್ ರೂಮಿನಲ್ಲಿ ಒಂದು ಸಣ್ಣ ಭಾಷಣವನ್ನೂ ಮಾಡಿದೆ. ಮನುಷ್ಯನಿಗೆ ಆಸೆ ಮಿತವಾಗಿರಬೇಕು ಎಂಬಲ್ಲಿಂದ ಶುರುವಾದದ್ದು ಬೆಲ್ ಹೊಡೆದಾಗಲೇ ನಿಂತಿತು. ಎರಡು ದಿನ ಬಿಟ್ಟು ಅತ್ತಿಗೆಯ ಫೋನು ಬಂತು.

"ಏ ಶಾಲಿನಿ, ಎಂಥ ಚೆಂದದ ಸೀರೆ ಕಳಿಸಿದ್ಯೇ! ಆ ಹಸಿರು ಸೀರೆ ಅಂತೂ ಹೊಸದರ ಹಾಂಗೇ ಅದೆ. ಮಡಿಕೆನೂ ಮುರೀಲಿಲ್ಲ!"

"ನಾ ಸೀರೆ ಇಡೂದೇ ಹಾಂಗೆ ಅತ್ಗೆ" ಎಂದು ಹೆಮ್ಮೆಯಿಂದ ಹೇಳಿದೆ. ಇದು ನನ್ನ ಜೀವನದ ಅತಿ ದೊಡ್ಡ ಮೂರ್ಖತನದ ಮಾತು ಎಂದು ಆಗ ಗೊತ್ತಿರಲಿಲ್ಲ.

ಗೊತ್ತಾಗಬೇಕಾದ ಇನ್ನೊಂದು ಸಂಗತಿ ಮಾತ್ರ ಬೇಗ ಗೊತ್ತಾಯಿತು. ನಮ್ಮ ಕಡೆ ಯಾರೂ ಬಂದ ಚೀಲವನ್ನು ಬರಿದು ಮಾಡಿ ವಾಪಸ್ ಕಳಿಸುವುದಿಲ್ಲ. ಅತ್ತಿಗೆಗೆ ಕಳಿಸಿದ ಚೀಲ ಒಂದು ಸೀರೆ, ಎರಡು ರವಿಕೆ ಕಣ, ತೆಂಗಿನಕಾಯಿಯೊಂದಿಗೆ ಬಂತು. ಸಹೋದ್ಯೋಗಿಗಳು "ಅಕ್ಕೋರು ಸುಮ್ನೆ ಕೊಟ್ರಲ್ಲಾ, ನಾವು ಹ್ಯಾಂಗೆ ಸುಮ್ನೆ ತಕಳೂದು" ಎಂದು ಒಬ್ಬೊಬ್ಬರೇ ಒಂದೊಂದು ಸೀರೆ ತಂದುಕೊಟ್ಟರು. ಶ್ರಾವಣ ಮುಗಿಯುವಷ್ಟರಲ್ಲಿ ಬಾಗಿಲಿಗೆ ಬೆನ್ನು, ಕಾಲು ಎರಡೂ ಸಾಲದೆ ಸ್ಟೂಲು ಅಡ್ಡ ಇಡಬೇಕಾಯಿತು. ಯಜಮಾನರು ಮತ್ತೆ ಗೋಡೆ ನೋಡಿದರು.

ಚೌತಿಗೆ ಒಂದು ವಾರ ಇದೆ ಎನ್ನುವಾಗ ಅಂಕೋಲೆಯಿಂದ ಸುಮಿತ್ರಾ ಫೋನ್ ಮಾಡಿದಳು. ಸುಮಿತ್ರಾ ಎಂದರೆ ನಮ್ಮ ಯಜಮಾನರ ತಂಗಿ, ನನ್ನ ನಾದಿನಿ.

"ಅತ್ಗೆ, ಚೌತಿ ಮರುದಿನ ಊಟಕ್ಕೆ ಬರಬೇಕು. ನಾ ಕೊಟ್ಟ ಸೀರೆ ಉಟ್ಕಂಡೇ ಬರಬೇಕು. ಅದೆಯಲ್ಲ ಸೀರೆ?"

"ಇಲ್ದೆ ಎಲ್ಲಿಗೆ ಹೋಗ್ತದೆ? ಇಸ್ತ್ರಿ ಮಾಡಿ ಇಟ್ಟಾಗದೆ" ಅಂದೆ.

ಅವಳು "ಹೌದಾ? ಆಯ್ತು ಹಂಗಾದ್ರೆ" ಎಂದು ಫೋನ್ ಇಟ್ಟಳು.

ಇಲ್ಲಿ ಸ್ವಲ್ಪ ಹಿಂದೆ ಹೋಗಬೇಕು. ನಮ್ಮ ಕಡೆ ಹೊಸ ಸೀರೆ ತಂದರೆ ಕೆಲವರು ತಾವೇ ಮೊದಲು ಉಡುವುದಿಲ್ಲ. ತಮಗೆ ತೀರ ಬೇಕಾದ ಹೆಂಗಸಿಗೆ ಕೊಟ್ಟು, ಒಮ್ಮೆ ಉಡಿಸಿ, ಆಮೇಲೆ ತರಿಸಿಕೊಳ್ಳುತ್ತಾರೆ. ಇದಕ್ಕೆ ಘಡಿ ಮುರಿಯುವುದು ಎನ್ನುತ್ತಾರೆ. ಹೊಸ ಮಡಿಕೆ ಬಿಡಿಸುವ ಮರ್ಯಾದೆ ಅದು. ಸುಮಿತ್ರಾ ಮಗಳ ನಿಶ್ಚಿತಾರ್ಥದಲ್ಲಿ ತಾನು ಉಡಲೆಂದು ತಂದ ಹಸಿರು ಸೀರೆಯನ್ನು ಮೇ ತಿಂಗಳಲ್ಲಿ ನನಗೆ ಕೊಟ್ಟಿದ್ದಳು. ಫಾಲ್ ತಾನೇ ಹಚ್ಚಿದ್ದಳು. ಹಸಿರು ದಾರ ಸಾಲದೆ ಕೊನೆಯ ಗೇಣುದ್ದ ಕೆಂಪು ದಾರ ಹಾಕಿ, "ಒಳಬದಿ ಅಲ್ದಾ, ಯಾರ್ಗೂ ಕಾಣೂದಿಲ್ಲ" ಎಂದು ನಕ್ಕಿದ್ದಳು.

ಆ ನಗುವಿಗೆ ಬೆಲೆ ಕಟ್ಟಲಾಗದು. ಯಾಕೆಂದರೆ ಅದಕ್ಕೆ ಮೊದಲು ಎರಡು ವರ್ಷ ನಾವಿಬ್ಬರೂ ಮಾತು ಬಿಟ್ಟಿದ್ದೆವು. ನಮ್ಮ ಗೃಹಪ್ರವೇಶದಲ್ಲಿ ನಾನು ಆರಿಸಿ ಆರಿಸಿ ತಂದುಕೊಟ್ಟ ಸೀರೆಯನ್ನು ಅವಳು ಯಾರಿಗೋ ದಾಟಿಸಿದ್ದಳು. ಅವರು ಇನ್ಯಾರಿಗೋ ದಾಟಿಸಿ, ಅದು ಒಂದು ಮದುವೆಯಲ್ಲಿ ಸುತ್ತಿ ಬಂದು ನನ್ನ ಉಡಿಗೇ ಬಿತ್ತು! ಮಂಟಪದಲ್ಲೇ ನಾನು ಅವಳನ್ನು ಕೇಳಬಾರದ್ದು ಕೇಳಿದೆ, ಅವಳು ಹೇಳಬಾರದ್ದು ಹೇಳಿದಳು. ಅಣ್ಣ ತಂಗಿ ಹಬ್ಬಕ್ಕೂ ಒಟ್ಟಿಗೆ ಕೂತು ಉಣ್ಣುವುದು ತಪ್ಪಿತು. ಯಜಮಾನರು ಬಾಯಿ ಬಿಟ್ಟು ಹೇಳಲಿಲ್ಲ, ಆದರೆ ಆ ಎರಡು ಚೌತಿ ಅವರಿಗೆ ಕಡುಬು ಸೇರಲಿಲ್ಲ. ಕೊನೆಗೆ ಅವಳೇ ಸೋತು, ಈ ಸೀರೆ ಹಿಡಿದು ನಮ್ಮ ಬಾಗಿಲಿಗೆ ಬಂದಿದ್ದಳು.

ಹಬ್ಬಕ್ಕೆ ಉಡೋಣ ಎಂದು ತೆಗೆದಿಟ್ಟ ಆ ಸೀರೆಯನ್ನು ಫೋನ್ ಇಟ್ಟ ಮೇಲೆ ಕಪಾಟಿನಿಂದ ಎಳೆದೆ. ಹಸಿರು ಬಂತು. ತಿರುಗಿಸಿ ನೋಡಿದೆ. ಕೆಂಪು ದಾರ ಇಲ್ಲ. ಅಂಚಿನಲ್ಲಿ ಅರಿಶಿನದ ಕಲೆ ಇದೆ. ಇದು ನನ್ನ ಹಳೆಯ ಹಸಿರು ಸೀರೆ! ಹಾಗಾದರೆ "ಮಡಿಕೆನೂ ಮುರೀಲಿಲ್ಲ" ಎಂದು ಅತ್ತಿಗೆ ಹೊಗಳಿದ್ದು ಯಾವುದನ್ನು?

"ನಾ ಹೇಳಿದ್ದೆ, ಕರೆಂಟು ಬರ್ಲಿ ಅಂತ" ಅಂದರು ಯಜಮಾನರು.

"ನೀವು ಕರೆಂಟು ಸಮಾ ಕಳಿಸಿದ್ರೆ ಇದೆಲ್ಲ ಯಾಕಾಗ್ತಿತ್ತು?" ಅಂದೆ. ಜಗಳದಲ್ಲಿ ನಾನು ಗೆದ್ದೆ. ಸೀರೆ ಮಾತ್ರ ಸಿಗಲಿಲ್ಲ.

ಮರುದಿನ ಶಾಲೆಗೆ ರಜೆ ಹಾಕಿ ಹಾರವಾಡಕ್ಕೆ ಓಡಿದೆ. ಅತ್ತಿಗೆ ಅಂಗಳದಲ್ಲಿ ಬಂಗಡೆ ಮೀನು ಕೊಯ್ಯುತ್ತ ಕೂತಿದ್ದರು, ಸುತ್ತ ಬೆಕ್ಕುಗಳ ಸಭೆ ನಡೆದಿತ್ತು.

"ಅತ್ಗೆ, ಆ ಹಸಿರು ಸೀರೆ ವಾಪಸ್ ಬೇಕಿತ್ತು" ಎಂದೆ, ನಾಚಿಕೆ ಬಿಟ್ಟು.

"ಅಯ್ಯೋ, ನಾ ಎಲ್ಲಿ ಉಟ್ಟೆ? ಹೊಸ ಸೀರೆ ಅಲ್ದಾ ಅಂತ ಘಡಿ ಮುರೂಕೆ ಮಲ್ಲಾಪುರದ ತಂಗಿಗೆ ಕೊಟ್ಟೆ. ನಮ್ಮ ವನಿತಂಗೆ."

ಅತ್ತಿಗೆಯ ತಂಗಿ ವನಿತಾ! ವನಿತೆಯ ಗಂಡ ಬೇರೆ ಯಾರೂ ಅಲ್ಲ, ಸುಮಿತ್ರೆಯ ಸ್ವಂತ ಮೈದುನ. ನಮ್ಮ ಸೀಮೆಯಲ್ಲಿ ಯಾರ ಸೆರಗು ಎಳೆದರೂ ಇನ್ಯಾರೋ ತಿರುಗಿ ನೋಡುತ್ತಾರೆ. "ಅವ್ಳು ಅದನ್ನ ಯಾವಾಗ ಉಡ್ತಾಳೆ ಅತ್ಗೆ?" ಎಂದು ಕೇಳಿದೆ.

"ಇನ್ಯಾವಾಗ? ಚೌತಿಗೇ ಉಡ್ತಾಳೆ. ಗಂಡಂಗೆ ಚೌತಿ ದಿನ ಶಿಫ್ಟ್ ಅದೆಯಂತೆ, ಮರುದಿನ ಅಂಕೋಲೆಗೆ ಹೋಗ್ತಾರೆ. ಸುಮಿತ್ರನ ಮನೆಗೇ."

ಅಂದರೆ ಸುಮಿತ್ರೆ ನನಗೆ ಕೊಟ್ಟ ಸೀರೆಯನ್ನು ವನಿತೆ ಉಟ್ಟು, ಸುಮಿತ್ರೆಯ ಮನೆಗೇ, ನಾನು ಊಟಕ್ಕೆ ಕೂರುವ ದಿನವೇ ಬರುತ್ತಾಳೆ! ಗಣಗಳ ಛೇದನವನ್ನು ಎಷ್ಟೋ ಸಲ ಹಲಗೆಯ ಮೇಲೆ ಬಿಡಿಸಿದವಳು ನಾನು. ಎರಡು ವೃತ್ತ ಸೇರುವ ಜಾಗದಲ್ಲಿ ನಾನೇ ಸಿಕ್ಕಿಬೀಳುತ್ತೇನೆ ಎಂದು ಯಾವ ಪಠ್ಯಪುಸ್ತಕದಲ್ಲೂ ಇರಲಿಲ್ಲ.

ಅಲ್ಲಿಂದ ಚೌತಿಯವರೆಗೂ ವನಿತೆಗೆ ಫೋನ್ ಮಾಡಿದೆ. ಮಲ್ಲಾಪುರದ ಗುಡ್ಡಗಳ ನಡುವೆ ಅವಳ ಫೋನು ವ್ಯಾಪ್ತಿ ಪ್ರದೇಶದ ಹೊರಗೇ ಹಬ್ಬ ಮಾಡುತ್ತಿತ್ತು. ಕೊನೆಗೆ ನಾನೂ ಯಜಮಾನರೂ ಕೂತು ಒಂದು ಯೋಜನೆ ಹಾಕಿದೆವು. ನನ್ನ ಹಳೆಯ ಹಸಿರು ಸೀರೆ ಉಡುವುದು, ಕಲೆ ಇರುವ ಕಡೆ ನೆರಿಗೆಯೊಳಗೆ ಮುಚ್ಚುವುದು. ಸುಮಿತ್ರೆಯ ಮನೆಯ ತಿರುವಿನಲ್ಲಿ ಕಾದು ನಿಂತು, ವನಿತೆ ಬರುತ್ತಲೇ ಹಿಡಿದು, ಎಲ್ಲಾದರೂ ಸೀರೆ ಬದಲಿಸಲು ಕೇಳಿಕೊಳ್ಳುವುದು.

"ಎಲ್ಲಾದ್ರೂ ಅಂದ್ರೆ ಎಲ್ಲಿ?" ಎಂದು ಯಜಮಾನರು ಕೇಳಿದರು.

"ಅದನ್ನ ಆಮೇಲೆ ನೋಡ್ವ" ಅಂದೆ. ಯೋಜನೆಯ ಮುಖ್ಯ ಭಾಗ ಅದೇ ಆಗಿತ್ತು ಎಂಬುದು ನಿಜ.

ಚೌತಿ ಮರುದಿನ ಬೆಳಿಗ್ಗೆ ಅಂಕೋಲೆಯ ಆ ತಿರುವಿನ ಅಂಗಡಿಯ ಮುಂದೆ ನಿಂತೆವು. ಸುಮ್ಮನೆ ನಿಂತರೆ ಅಂಗಡಿಯವ ಏನಂದುಕೊಳ್ಳುತ್ತಾನೆ ಎಂದು ಯಜಮಾನರು ಬಾಳೆಹಣ್ಣು ಕೊಂಡರು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೊಂಡರು. ವನಿತೆ ಗಂಡನ ಬೈಕಿನ ಹಿಂದೆ ಬಂದಿಳಿಯುವಾಗ ನಮ್ಮ ಕೈಯಲ್ಲಿ ಒಂದು ಗೊನೆಯಾಗುವಷ್ಟು ಬಾಳೆಹಣ್ಣಿತ್ತು. ಅವಳು ತೊಟ್ಟದ್ದು ಮಾತ್ರ ಹಳದಿ ಚೂಡಿದಾರ!

"ವನಿತಾ! ಲಲಿತಕ್ಕ ಕೊಟ್ಟ ಹಸಿರು ಸೀರೆ ಎಲ್ಲೇ?"

"ಓ, ಅದಾ?" ಎಂದಳು ಅವಳು, ಬಾಳೆಹಣ್ಣನ್ನೇ ನೋಡುತ್ತ. "ದೊಡ್ಡೋರು ಇರೂವಾಗ ನಾ ಹ್ಯಾಂಗೆ ಘಡಿ ಮುರೂದು ಅಕ್ಕಾ? ಹೋದ ವಾರನೇ ಬಂದು ಸುಮಿತ್ರಕ್ಕಂಗೆ ಕೊಟ್ಟಿಕ್ ಹೋದೆ."

ನಾನು ಅಂಗಡಿಯ ಬೆಂಚಿನ ಮೇಲೆ ಕೂತೆ. ಕರಾವಳಿಯ ಅಷ್ಟು ಹೆಂಗಸರಲ್ಲಿ ಒಬ್ಬಳಾದರೂ ಆ ಸೀರೆಯನ್ನು ಆಸೆಪಟ್ಟು ಉಡಬಾರದಿತ್ತೇ? ಎಲ್ಲರಿಗೂ ಎಲ್ಲರ ಮೇಲೂ ಎಂಥ ಮರ್ಯಾದೆ! ಆ ಮರ್ಯಾದೆ ಕೈಯಿಂದ ಕೈಗೆ ದಾಟಿ, ಒಂದು ಮಡಿಕೆಯೂ ಕೆಡದೆ, ಕೊಟ್ಟವಳ ಮನೆಗೇ ಹೋಗಿ ಮುಟ್ಟಿದೆ. ವಾಪಸ್ ಕಾರವಾರಕ್ಕೆ ಹೋಗೋಣ ಎಂದೆ. ಯಜಮಾನರು ಮೊದಲ ಸಲ ಗೋಡೆ ನೋಡಲಿಲ್ಲ, ನನ್ನನ್ನೇ ನೋಡಿದರು. "ಈ ಸಲನೂ ನಾ ತಂಗಿ ಮನೇಲಿ ಉಣ್ಣೂದು ಬೇಡ್ವಾ?" ಎಂದು ಮೆಲ್ಲಗೆ ಕೇಳಿದರು. ನಾನು ಎದ್ದೆ.

ಬಾಗಿಲಲ್ಲಿ ಸುಮಿತ್ರಾ ನಿಂತಿದ್ದಳು. ಅದೇ ಸೀರೆ ಉಟ್ಟು! ಸೀರೆ ಅವಳಿಗೆ ಎಷ್ಟು ಚೆಂದ ಒಪ್ಪಿತ್ತು ಎಂದರೆ, ಆ ಭಯದಲ್ಲೂ ನಾನು ಎರಡು ಸಲ ನೋಡಿದೆ. ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಬನ್ನಿ ಅತ್ಗೆ. ಇಸ್ತ್ರಿ ಭಾಳ ಚೆಂದ ಆಗದೆ" ಎಂದಳು. ನಾನು ಬಾಳೆಹಣ್ಣು ಮುಂದೆ ಚಾಚಿದೆ.

ನನ್ನನ್ನೂ ವನಿತೆಯನ್ನೂ ಒಳಕೋಣೆಗೆ ಕರೆದೊಯ್ದು ಬಾಗಿಲು ಹಾಕಿದಳು. ಸೀರೆಯ ಅಂಚು ಮಗುಚಿ ಕೆಂಪು ದಾರ ತೋರಿಸಿದಳು.

"ವನಿತಾ ಇದನ್ನ ತಂದು 'ಅಕ್ಕಾ, ಘಡಿ ಮುರೀರಿ' ಅಂದಾಗ ನಂಗೆ ಸಿಟ್ಟು ನೆತ್ತಿಗೇರ್ತು. ನಿಮ್ಗೆ ಫೋನ್ ಹಚ್ಚಿದ್ದು ಆಗ್ಲೇ. ಸೀರೆ ಇಸ್ತ್ರಿ ಮಾಡಿ ಇಟ್ಟಾಗದೆ ಅಂದ್ರಿ. ಆ ಹೊತ್ತಿಗೆ ಸೀರೆ ನನ್ನ ತೊಡೆ ಮೇಲೆ ಇತ್ತು!"

ನಾನು ಎಲ್ಲವನ್ನೂ ಹೇಳಿದೆ. ಬಾಗಿಲು, ಕರೆಂಟು, ಹದಿನಾರು, ಬಾಳೆಹಣ್ಣು, ಯಾವುದನ್ನೂ ಬಿಡಲಿಲ್ಲ. "ಬೇಕಂತ ಮಾಡ್ಲಿಲ್ಲ ಸುಮಿತ್ರಾ, ದೇವ್ರಾಣೆ. ಮತ್ತೆ ಮಾತು ಬಿಡಬೇಡ ಮಾರಾಯ್ತಿ" ಎನ್ನುವಾಗ ನನಗೆ ನಿಜವಾಗಿ ಅಳು ಬಂತು. ಅವಳು ತುಟಿ ಬಿಗಿಹಿಡಿದು ಕೇಳುತ್ತಿದ್ದಳು. ಬಾಳೆಹಣ್ಣಿನ ಹತ್ತಿರ ಬಂದಾಗ ತಡೆಯಲಾಗಲಿಲ್ಲ. ಗೋಡೆ ಹಿಡಿದು ನಕ್ಕಳು.

"ಗೃಹಪ್ರವೇಶದ ಸೀರೆ ಸುತ್ತಿ ನಿಮ್ಗೇ ಬಂತು. ಇದು ಸುತ್ತಿ ನಂಗೇ ಬಂತು. ಈಗ ಲೆಕ್ಕ ಸಮಾ ಆಯ್ತಲ್ಲ, ಅಕ್ಕೋರೆ?"

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ವನಿತಾ ತಲೆ ಕೆರೆದುಕೊಂಡಳು. "ಹಂಗಾದ್ರೆ ಈ ಸೀರೆ ಈಗ ಯಾರದು? ಘಡಿ ಮುರಿದ ಮೇಲೆ ಕೊಟ್ಟೋರಿಗೆ ವಾಪಸ್ ಕೊಡಬೇಕಲ್ದಾ? ಸುಮಿತ್ರಕ್ಕ ನಂಗೆ ಕೊಡಬೇಕು, ನಾ ಲಲಿತಕ್ಕಂಗೆ, ಅವ್ಳು ನಿಮ್ಗೆ, ನೀವು ಸುಮಿತ್ರಕ್ಕಂಗೆ." ಮೂವರೂ ಬೆರಳು ಮಡಚಿ ಎಣಿಸಿದೆವು. ಎಲ್ಲಿಂದ ಶುರು ಮಾಡಿದರೂ ಸೀರೆ ಸುಮಿತ್ರೆಯ ಮೈಮೇಲೇ ಬಂದು ನಿಲ್ಲುತ್ತಿತ್ತು, ಆದರೂ ಯಾರಿಗೋ ಏನೋ ಕೊಡುವುದು ಉಳಿದ ಹಾಗೆ ಕಾಣುತ್ತಿತ್ತು. ಗಣಿತದ ಅಕ್ಕೋರನ್ನೇ ಕೇಳಿದರು. ಗಣಿತದ ಅಕ್ಕೋರು ನೀರು ಕೇಳಿದರು.

ಅಷ್ಟರಲ್ಲಿ ವನಿತೆಯ ಕಣ್ಣು ನನ್ನ ಸೀರೆಯ ಮೇಲೆ ಬಿತ್ತು. "ಅಕ್ಕಾ, ಇದು ನಮ್ಮ ಲಲಿತಕ್ಕನ ಸೀರೆ ಅಲ್ದಾ?"

"ಎಂತ ಹೇಳ್ತೆ? ಇದು ನಂದೇ, ವರ್ಷಗಟ್ಟಲೆ ಉಟ್ಟಿದ್ದು!" ಎಂದೆ ರೋಷದಿಂದ. ವನಿತಾ ಅಲ್ಲೇ ಅಕ್ಕನಿಗೆ ವಿಡಿಯೋ ಕಾಲ್ ಹಚ್ಚಿ ಸೆರಗು ತೋರಿಸಿದಳು.

"ಹೌದೇ, ಅದು ನಂದೇ!" ಎಂದರು ಹಾರವಾಡದಿಂದ ಲಲಿತಾ ಅತ್ತಿಗೆ. "ಘಡಿ ಮುರೂಕೆ ಶಾಲಿನಿಗೆ ಕೊಟ್ಟಿದ್ದೆ, ಎಷ್ಟು ವರ್ಷ ಆಯ್ತೋ ಏನೋ. ವಾಪಸ್ ಹ್ಯಾಂಗೆ ಕೇಳೂದು ಅಂತ ಸುಮ್ನಿದ್ದೆ. ಅರಿಶಿನ ಎಂತಕ್ಕೆ ಬಿತ್ತೇ?"

ನನ್ನ ಸಿದ್ಧಾಂತದ ಹದಿನಾರರಲ್ಲಿ ಒಂದು ಹೀಗೆ ಕೈಬಿಟ್ಟಿತು. ಉಳಿದ ಹದಿನೈದು ಯಾರಯಾರದೋ ದೇವರೇ ಬಲ್ಲ!

ಸುಮಿತ್ರಾ ತನ್ನ ಪೆಟ್ಟಿಗೆಯಿಂದ ಇನ್ನೊಂದು ಹೊಸ ಸೀರೆ ತೆಗೆದಳು, ಗುಲಾಬಿ ಬಣ್ಣದ್ದು. "ಮಗಳ ನಿಶ್ಚಿತಾರ್ಥಕ್ಕೆ ಇದನ್ನೇ ಉಡ್ತೆ. ಘಡಿ ನೀವೇ ಮುರೀಬೇಕು ಅತ್ಗೆ."

ಇಷ್ಟೆಲ್ಲ ಆದ ಮೇಲೂ ನನಗೇ! ಎರಡೂ ಕೈಯಲ್ಲಿ ತೆಗೆದುಕೊಂಡು ಚೀಲಕ್ಕೆ ಹಾಕಲು ಹೋದೆ. ಅವಳು ಥಟ್ಟನೆ ಕೈ ಹಿಡಿದಳು.

"ಚೀಲಕ್ಕಲ್ಲ! ಇಲ್ಲೇ ಉಡಿ, ಈಗ್ಲೇ ಉಡಿ. ನಿಮ್ಮನೆ ಕಪಾಟಿಗೆ ನನ್ನ ಸೀರೆ ಮತ್ತೆ ಹೋಗೂದು ಬೇಡ!"

ಉಟ್ಟೆ. ನಾನು ಬಿಚ್ಚಿಟ್ಟ ಹಸಿರು ಸೀರೆಯನ್ನು ವನಿತಾ ಮಡಚಿ ತನ್ನ ಚೀಲಕ್ಕೆ ಹಾಕಿಕೊಂಡಳು, ಅಕ್ಕನಿಗೆ ಕೊಡಲು. ಗಣಪತಿಗೆ ಕೈ ಮುಗಿದೆವು. ಯಜಮಾನರು ತಂಗಿ ಬಡಿಸಿದ ಕಡುಬನ್ನು ಎಣಿಸದೆ ತಿಂದರು. ನೋಡಿ ನನ್ನ ಹೊಟ್ಟೆಯೂ ತುಂಬಿತು. ಊಟವಾದದ್ದೇ ವನಿತಾ, ಗಂಡನಿಗೆ ಮತ್ತೆ ಶಿಫ್ಟ್ ಎಂದು ಬೈಕ್ ಹತ್ತಿ ಹೋದಳು. ಸಂಜೆ ನಾವೂ ಹೊರಟೆವು. ಸುಮಿತ್ರಾ ನಗುತ್ತ ಕೈ ಚಾಚಿದಳು.

"ಸೀರೆ?"

ಆಗ ಹೊಳೆಯಿತು. ಗುಲಾಬಿ ಸೀರೆ ಬಿಚ್ಚಿಕೊಡಬೇಕು. ಹಸಿರು ಸೀರೆ ಹೋಗಿಯಾಗಿದೆ. ಒಬ್ಬ ಹೆಂಗಸಿಗೆ ಎಷ್ಟು ಬಟ್ಟೆ ಬೇಕು ಎಂದು ಸ್ಟಾಫ್ ರೂಮಿನಲ್ಲಿ ಭಾಷಣ ಮಾಡಿದವಳಿಗೆ ಅಂಕೋಲೆಯಿಂದ ಕಾರವಾರಕ್ಕೆ ಹೋಗಲು ಒಂದೂ ಇರಲಿಲ್ಲ!

ಸುಮಿತ್ರಾ ದಿನಾ ಉಡುವ ಒಂದು ಕಿತ್ತಳೆ ಬಣ್ಣದ ಸೀರೆ ಕೊಟ್ಟಳು. ನನ್ನ ಮೈಮೇಲೆ ನನ್ನದೆಂದು ಉಳಿದದ್ದು ಹಸಿರು ರವಿಕೆ ಮತ್ತು ಚಪ್ಪಲಿ. ಅದರ ಮೇಲೆ ಅವಳು ಉಡಿ ತುಂಬಿ ಎರಡು ರವಿಕೆ ಕಣ, ಒಂದು ಸೀರೆ, ತೆಂಗಿನಕಾಯಿ ಚೀಲಕ್ಕೆ ಹಾಕಿದಳು. ಬೇಡವೆನ್ನಲು ನನಗೆ ಶಕ್ತಿ ಇರಲಿಲ್ಲ.

ಬಸ್ ಹತ್ತುವಾಗ ಕೂಗಿ ಹೇಳಿದಳು, "ಅತ್ಗೆ, ಆ ಕಿತ್ತಳೆ ಸೀರೆ ನಾಡಿದ್ದೇ ಕಳಿಸಿ, ಹಾಂ! ನಡುವೆ ಹಾರವಾಡದಲ್ಲಿ ಇಳಿಸಿಬಿಡಬೇಡಿ!"

ಬಸ್ಸಿನಲ್ಲಿ ನನ್ನ ಒಂಬತ್ತನೇ ಕ್ಲಾಸಿನ ಇಬ್ಬರು ಹುಡುಗಿಯರಿದ್ದರು. ಕಿತ್ತಳೆ ಸೀರೆ, ಹಸಿರು ರವಿಕೆ ನೋಡಿ "ನಮಸ್ಕಾರ ಅಕ್ಕೋರೆ" ಎಂದು ಬಾಯಿಗೆ ಕೈ ಅಡ್ಡ ಹಿಡಿದರು. ಯಜಮಾನರು ಕಿವಿಯ ಹತ್ತಿರ ಬಗ್ಗಿ, "ಹದಿನಾರರಲ್ಲಿ ಇದು ಎಷ್ಟನೇದು?" ಎಂದು ಕೇಳಿದರು.

ನಾನು ಬಸ್ಸು ಹಾರವಾಡ ದಾಟುವವರೆಗೂ ಸೆರಗು ಗಟ್ಟಿ ಹಿಡಿದುಕೊಂಡು ಕೂತೆ.